ಸಂತೆಯ ಮಾತಿನಲ್ಲಿ ಬಂದ ಸುದ್ದಿ

ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತಳಾದ ಮೇಲೆ ನಾನು ಕಾಚಿಗೂಡದ ನಮ್ಮ ಮನೆಯ ಮೇಲಿನ ಕೋಣೆಯನ್ನು ಆಸ್ಪತ್ರೆಗೆ ಬರುವವರಿಗೆ ಬಾಡಿಗೆಗೆ ಕೊಡತೊಡಗಿದೆ. ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಿಗೆ ಪಶ್ಚಿಮ ಆಫ್ರಿಕಾದಿಂದ ರೋಗಿಗಳು ಬರುತ್ತಾರೆ. ಅವರಲ್ಲಿ ಅನೇಕರಿಗೆ ಇಂಗ್ಲಿಷ್ ಬಾರದು, ಫ್ರೆಂಚ್ ಬರುತ್ತದೆ. ಅವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ದಾಟಿಸುವ ಕೆಲಸ ಹೀಗೆ ತಾನಾಗಿ ನನ್ನ ಪಾಲಿಗೆ ಬಂತು. ಮನೆಯಲ್ಲಿ ಇದ್ದವರು ನಾನು ಮತ್ತು ನಮ್ಮವ್ವ. ಕಲಬುರ್ಗಿ ಕಡೆಯಿಂದ ಮದುವೆಯಾಗಿ ಬಂದ ಅವ್ವ ಇಡೀ ಆಯುಷ್ಯ ಈ ಊರಲ್ಲೇ ಕಳೆದರೂ ಅವಳ ತೆಲುಗು ತರಕಾರಿಯವಳನ್ನು ದಾಟಿ ಮುಂದೆ ಹೋಗಲಿಲ್ಲ.

ಒಂದು ಮಳೆಗಾಲದ ಆರಂಭದಲ್ಲಿ ಐವರಿ ಕೋಸ್ಟ್‌ನಿಂದ ತಾಯಿ, ಮಗ ಬಂದರು. ತಾಯಿಗೆ ಹೃದಯದ ಕವಾಟ ಬದಲಿಸಬೇಕಿತ್ತು. ಮಗ ಅಲ್ಲಿನ ಒಂದು ಸಣ್ಣ ಪಟ್ಟಣದಲ್ಲಿ ಶಾಲಾ ಮಾಸ್ತರ, ಫ್ರೆಂಚ್ ಚೆನ್ನಾಗಿ ಆಡುತ್ತಿದ್ದ. ತಾಯಿಗೆ ಫ್ರೆಂಚ್ ಬಾರದು. ಆಕೆಯ ಮಾತು ಬೆಂಗ್ ಎಂಬ ಭಾಷೆ. ಫ್ರೆಂಚ್ ಓದಿಸಿ ತಲೆ ನರೆತಿದ್ದರೂ ಆ ಹೆಸರನ್ನು ನಾನು ಕೇಳಿರಲಿಲ್ಲ.

"ಎಲ್ಲಿ ಕೇಳಿರುತ್ತೀರಿ, ಕೆಲವೇ ಹಳ್ಳಿಗಳ ಭಾಷೆ. ನಮ್ಮ ದೇಶದಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ," ಎಂದು ಮಗ ನಕ್ಕ. ಮಾಂಡೆ ಅನ್ನುವುದು ದೊಡ್ಡ ಭಾಷಾ ಕುಟುಂಬ, ಮಾಲಿಯ ಬಂಬಾರ, ವ್ಯಾಪಾರಿಗಳ ಜುಲಾ ಎಲ್ಲ ಅದರವೇ ಎಂದು ಅವನೇ ತಿಳಿಸಿಕೊಟ್ಟ. ಅವರದು ಅದೇ ಕುಟುಂಬದ ದಕ್ಷಿಣದ ಕವಲು. ಸುತ್ತಲೂ ಬೇರೆಯೇ ಕುಲದ ದೊಡ್ಡ ಭಾಷೆಯ ಜನ.

"ಹಾಗಾದರೆ ಜುಲಾದವರು ಮಾತಾಡಿದರೆ ನಿಮಗೆ ತಿಳಿಯಬೇಕಲ್ಲ?" ಎಂದೆ.

"ನಿಮ್ಮ ಕನ್ನಡಕ್ಕೆ ದೂರದ ನೆಂಟ ಭಾಷೆ ಯಾವುದಾದರೂ ಇದೆಯೇ?"

ಬಲೂಚಿಸ್ತಾನದ ಬ್ರಾಹುಯಿ ಇದೆ ಎಂದೆ.

"ಅದರಲ್ಲಿ ಒಂದು ಮಾತು ಹೇಳಿ ನೋಡೋಣ."

ನನಗೆ ಒಂದು ಮಾತೂ ಬರಲಿಲ್ಲ. "ನಮ್ಮದೂ ಹಾಗೆಯೇ," ಎಂದ ಅವನು. "ನೆಂಟಸ್ತಿಕೆ ಪುಸ್ತಕದಲ್ಲಿ ಇದೆ. ಅಮ್ಮನಿಗೆ ಜುಲಾ ಸ್ವಲ್ಪ ಬರುತ್ತದೆ, ಆದರೆ ಅದು ಸಂತೆಯಲ್ಲಿ ಕಲಿತದ್ದು."

ಆಪರೇಷನ್ನಿಗೆ ಮುಂಚೆ ಪರೀಕ್ಷೆಗಳೆಲ್ಲ ಮುಗಿಯಲು ವಾರಗಳೇ ಹಿಡಿದವು. ಆ ದಿನಗಳಲ್ಲಿ ಆ ತಾಯಿ ಬೆಳಿಗ್ಗೆ ಕೆಳಗಿಳಿದು ಬಂದು ಅವ್ವನ ಎದುರು ಕೂರುತ್ತಿದ್ದಳು. ಅವ್ವ ಬೆಳ್ಳುಳ್ಳಿ ಸುಲಿದರೆ ಆಕೆಯೂ ಸುಲಿಯುವಳು. ಅವ್ವ ತನ್ನ ಕನ್ನಡದಲ್ಲಿ ಬೇರೆ ಊರಲ್ಲಿದ್ದ ಸೊಸೆಯಂದಿರ ಕಥೆ ಹೇಳುವಳು, ಆಕೆ ತನ್ನ ಭಾಷೆಯಲ್ಲಿ ಏನನ್ನೋ ಹೇಳುವಳು. ಆಕೆಯ ಮಾತಿನಲ್ಲಿ ಸ್ವರ ಏರುವುದು, ಇಳಿಯುವುದು. ಅದರಲ್ಲೇ ಅರ್ಥ ಬದಲಾಗುತ್ತದೆಂದು ಮಗ ಹೇಳಿದ್ದ.

"ಏನ್ ತಿಳೀತದ ಬೇ ನಿನಗ?" ಎಂದು ನಾನು ಅವ್ವನನ್ನು ಕೇಳಿದೆ.

"ಬೆಳ್ಳುಳ್ಳಿ ಸುಲಿಯಾಕ ತಿಳಿಯೂದೇನೈತಿ," ಎಂದಳು ಅವ್ವ. "ಆಕಿ ಭಾಳ ಛಲೋ ಮಾತಾಡ್ತಾಳ. ನಡಕ ಬಾಯಿ ಹಾಕಂಗಿಲ್ಲ."

ಪಕ್ಕದ ಮನೆಯವರು ಕೂಸನ್ನು ಎತ್ತಿಕೊಂಡು ಬಂದಾಗ ಆ ತಾಯಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡವರನ್ನು ವಿಚಾರಿಸುವ ಹಾಗೆ ಗಂಭೀರವಾಗಿ ಏನೋ ಕೇಳಿದಳು. ಕೂಸುಗಳು ಸತ್ತವರ ಊರಿನಿಂದ ಬರುತ್ತವೆ, ಆ ಊರಲ್ಲಿ ಎಲ್ಲ ಭಾಷೆಗಳೂ ಇವೆ, ಅದಕ್ಕೇ ಅವಕ್ಕೆ ಎಲ್ಲ ಮಾತೂ ತಿಳಿಯುತ್ತದೆ, ದೊಡ್ಡವಾಗುತ್ತ ಒಂದೊಂದನ್ನೇ ಮರೆಯುತ್ತವೆ ಎಂಬುದು ಅವರ ನಂಬಿಕೆಯಂತೆ. ಮಗ ಹೇಳಿದ್ದನ್ನು ನಾನು ಅವ್ವನಿಗೆ ಹೇಳಿದೆ. ಅವ್ವ ಸ್ವಲ್ಪ ಯೋಚಿಸಿ, "ಹಂಗಾರ ಈ ಕೂಸಿಗೆ ನಮ್ಮಿಬ್ಬರದೂ ತಿಳೀತದ. ನಾವಽ ದಡ್ಡರು," ಎಂದಳು.

ಆಪರೇಷನ್ ಸುಸೂತ್ರವಾಗಿ ಆಯಿತು. ಆಕೆಯನ್ನು ಐಸಿಯುನಿಂದ ವಾರ್ಡಿಗೆ ತಂದ ದಿನವೇ ಮಗನಿಗೆ ಜ್ವರ ಬಂತು. ಆಗ ಬೀದಿಬೀದಿಯಲ್ಲಿ ಡೆಂಗಿ. ಓಡಾಟದ ದಣಿವು ಎಂದುಕೊಂಡು ಅವನು ಮಾತ್ರೆ ನುಂಗಿ ತಾಯಿಯ ಹತ್ತಿರವೇ ಕೂತಿದ್ದ. ಮರುದಿನ ಮೇಲಿನ ಕೋಣೆಯಿಂದ ಇಳಿಯಲಾರದೆ ಮೆಟ್ಟಿಲ ಮೇಲೆ ಕುಸಿದ. ಆಟೋದಲ್ಲಿ ಹತ್ತಿರದ ಬೇರೊಂದು ಆಸ್ಪತ್ರೆಗೆ ಸೇರಿಸಿದೆ. ರಕ್ತ ಕೊಟ್ಟರು, ಪ್ಲೇಟ್ಲೆಟ್ ಕೊಟ್ಟರು. ಪ್ರಜ್ಞೆ ಇದ್ದಾಗ ಅವನು ನನಗೆ ಹೇಳಿದ್ದು ಒಂದೇ, "ನನಗೆ ಜ್ವರ ಅಂತ ಅಮ್ಮನಿಗೆ ಹೇಳಬೇಡಿ. ಏನೋ ಕೆಲಸಕ್ಕೆ ಹೋಗಿದ್ದಾನೆ ಅನ್ನಿ."

ನನಗೆ ಹೇಳಲು ಭಾಷೆಯಾದರೂ ಎಲ್ಲಿತ್ತು? ನಾನು ವಾರ್ಡಿಗೆ ಹೋದಾಗಲೆಲ್ಲ ಆ ತಾಯಿ ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಹಿಂದಿನ ಬಾಗಿಲು ನೋಡುತ್ತಿದ್ದಳು. ನಾನು ಕೈಯನ್ನು ದೂರಕ್ಕೆ ತೋರಿಸಿ, ಬೆರಳುಗಳಿಂದ ನಡೆಯುವ ಹಾಗೆ ಮಾಡಿ ತೋರಿಸುತ್ತಿದ್ದೆ. ಆಕೆ ತಲೆಯಾಡಿಸುತ್ತಿದ್ದಳು. ನರ್ಸಮ್ಮಂದಿರು ತೆಲುಗಿನಲ್ಲಿ ಸಮಾಧಾನ ಹೇಳುತ್ತಿದ್ದರು. ಮಗ ಆ ವಾರ ಮುಗಿಯುವುದರೊಳಗೆ ತೀರಿಕೊಂಡ.

ಅವನ ಊರಿಗೆ ಫೋನ್ ಮಾಡಿದೆ. ಆ ತಾಯಿಯ ತಮ್ಮ ಫ್ರೆಂಚಿನಲ್ಲಿ ಮಾತಾಡಿದ. ವೀಸಾ ಸಿಕ್ಕ ಕೂಡಲೇ ಹೊರಡುತ್ತೇನೆ, ಅಲ್ಲಿಯವರೆಗೆ ಶವವನ್ನು ಇರಿಸಿ ಎಂದ. ನೀವೇ ಫೋನಿನಲ್ಲಿ ಅಕ್ಕನಿಗೆ ಹೇಳುತ್ತೀರಾ ಎಂದು ಕೇಳಿದೆ. ಬಹಳ ಹೊತ್ತು ಅತ್ತು, "ಕೈ ಹಿಡಿದುಕೊಳ್ಳದೆ ಇದನ್ನು ಹೇಳಬಾರದು. ನಾನು ಬರುವವರೆಗೆ ತಡೆಯಿರಿ," ಎಂದ. ಹೃದಯದ ಡಾಕ್ಟರೂ ಸದ್ಯಕ್ಕೆ ಬೇಡ ಎಂದರು. ಆದರೆ ವೀಸಾ ತಡವಾಯಿತು. ಆಸ್ಪತ್ರೆಯಿಂದ ಬಿಟ್ಟ ಆಕೆಯನ್ನು ಮನೆಗೆ ಕರೆತಂದು ಅವ್ವನ ಕೋಣೆಯಲ್ಲೇ ಮಲಗಿಸಿದೆವು. ಆಕೆ ಊಟ ಬಿಟ್ಟಳು. ಮಾತ್ರೆ ಕೊಟ್ಟರೆ ಬಾಯಿ ಬಿಗಿದು ಬಾಗಿಲ ಕಡೆ ಬೆರಳು ತೋರಿಸುವಳು. ಮಗ ಬಂದು ಕೊಡಲಿ ಎಂದು.

"ಆಕಿಗೆ ಹೇಳಿಬಿಡು," ಎಂದಳು ಅವ್ವ.

"ಡಾಕ್ಟರ್ ಬ್ಯಾಡ ಅಂದಾರ. ಎದಿ ತಡಕೊಳ್ಳಂಗಿಲ್ಲಂತ."

"ದಿನಾ ಬಾಗಲಾ ಕಾಯಾಕತ್ತಾಳ, ಅದನ್ನ ತಡಕೊಳ್ತದೇನು ಎದಿ? ನಾನೂ ಒಂದು ಮಗನ್ನ ಕಳಕೊಂಡಾಕಿ. ಹೇಳು ನೀನು."

ಡಾಕ್ಟರಿಗೆ ಎಲ್ಲ ವಿವರಿಸಿದೆ. ಮಾತ್ರೆ ತಪ್ಪಿದರೆ ಅಪಾಯ ಇನ್ನೂ ದೊಡ್ಡದೆಂದು ಅವರೂ ಒಪ್ಪಿ, ಒಬ್ಬ ನರ್ಸನ್ನು ಜೊತೆಗೆ ಕಳಿಸಿದರು. ಫೋನಿನಲ್ಲಿ ಹೇಳಲು ಆಕೆಯ ತಮ್ಮ ಈಗಲೂ ಒಪ್ಪಲಿಲ್ಲ. ಈ ಊರಲ್ಲಿ ಬೆಂಗ್ ಬಲ್ಲವರು ಯಾರೂ ಸಿಗಲಿಲ್ಲ. ಕಡೆಗೆ ಅಬಿಡ್ಸ್‌ನ ಒಂದು ಲಾಡ್ಜಿನಲ್ಲಿ, ಗಂಡನ ಚಿಕಿತ್ಸೆಗೆ ಬುರ್ಕಿನಾ ಫಾಸೋದಿಂದ ಬಂದ ಒಬ್ಬ ಬಟ್ಟೆ ವ್ಯಾಪಾರದ ಹೆಂಗಸು ಇದ್ದಾಳೆ, ಅವಳ ಮನೆಮಾತು ಜುಲಾ ಎಂದು ತಿಳಿಯಿತು. ಹೋಗಿ ಕೇಳಿಕೊಂಡೆ. ಅವಳು "ಇಂಥ ಮಾತು ಹೇಳಲು ನಾನು ಯಾರು?" ಎಂದಳು. ಆಮೇಲೆ ಎದ್ದು ತಲೆಗೆ ಬಟ್ಟೆ ಸುತ್ತಿಕೊಂಡು ನನ್ನ ಜೊತೆ ಬಂದಳು.

ಅವಳು ಬಂದು ಜುಲಾದಲ್ಲಿ ನಮಸ್ಕಾರದ ಮಾತು ಆಡಿದಾಗ ಆ ತಾಯಿಯ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ತಿಳಿಯುವ ಒಂದು ಮಾತು ಕಿವಿಗೆ ಬಿದ್ದಿತ್ತು. ಇಬ್ಬರೂ ಊರು, ಮನೆ, ಮಕ್ಕಳು ಎಂದು ವಿಚಾರಿಸಿಕೊಂಡರು. ಆಮೇಲೆ ಆ ಹೆಂಗಸು ದನಿ ತಗ್ಗಿಸಿ ಏನೋ ಹೇಳಿದಳು. ತಾಯಿ ನಗುಮುಖದಲ್ಲೇ ಮತ್ತೇನೋ ಕೇಳಿದಳು. ಹೆಂಗಸು ಬೇರೆ ರೀತಿ ಹೇಳಿದಳು. ತಾಯಿ ಮತ್ತೆ ಅದನ್ನೇ ಕೇಳಿದಳು.

ಹೆಂಗಸು ನನ್ನತ್ತ ತಿರುಗಿ ಫ್ರೆಂಚಿನಲ್ಲಿ, "ದೇವರು ಕರೆದುಕೊಂಡ ಅಂದೆ, ತಿಳಿಯಲಿಲ್ಲ. ನಮ್ಮನ್ನು ಬಿಟ್ಟು ಹೋದ ಅಂದೆ, ಎಲ್ಲಿಗೆ ಹೋದ, ಯಾವಾಗ ಬರುತ್ತಾನೆ ಅನ್ನುತ್ತಾಳೆ. ಇವಳಿಗೆ ಗೊತ್ತಿರುವುದು ಉಪ್ಪು, ಈರುಳ್ಳಿ, ಬಟ್ಟೆಯ ಚೌಕಾಸಿಯ ಜುಲಾ. ಸಾವನ್ನು ಮೆತ್ತಗೆ ಹೇಳುವ ಮಾತು ಸಂತೆಯಲ್ಲಿ ಯಾರು ಕಲಿಸುತ್ತಾರೆ? ಉಳಿದದ್ದು ಒಂದೇ ಮಾತು. ಕೋಳಿ ಸತ್ತರೂ ಅದನ್ನೇ ಅನ್ನುತ್ತೇವೆ," ಎಂದಳು. ಅವಳ ಕಣ್ಣು ತುಂಬಿತ್ತು.

ಅವ್ವ ಮಂಚದ ಮೇಲೆ ಸರಿದು ಕೂತು ಆ ತಾಯಿಯ ಎರಡೂ ಕೈ ಹಿಡಿದಳು. ಹೆಂಗಸು ಆ ಮಾತು ಹೇಳಿದಳು. ಗಿಡ್ಡ ಮಾತು.

ತಾಯಿ ಅದನ್ನು ಒಮ್ಮೆ ತಾನೇ ಅಂದು ನೋಡಿದಳು, ಬೆಲೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳುವವರ ಹಾಗೆ. ಆಮೇಲೆ ಜುಲಾ ಬಿಟ್ಟು ತನ್ನ ಭಾಷೆಗೆ ಹೋದಳು. ಅತ್ತಳು ಎನ್ನುವುದಕ್ಕಿಂತ ಮಾತಾಡಿದಳು ಎನ್ನಬೇಕು. ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ. ಮಗನ ಹೆಸರು ಬಂದಾಗ ಮಾತ್ರ ನಮಗೆ ತಿಳಿಯುತ್ತಿತ್ತು. ಜುಲಾದ ಹೆಂಗಸು, ನೆಂಟ ಭಾಷೆಯವಳು, ನಮ್ಮಷ್ಟೇ ಕಿವುಡಾಗಿ ಗೋಡೆಗೆ ಒರಗಿ ಕೂತಿದ್ದಳು. ಅವ್ವ ಮಾತ್ರ "ಹೌದವ್ವಾ, ಹೌದು, ಹೌದು ನಮ್ಮವ್ವ" ಎನ್ನುತ್ತಲೇ ಇದ್ದಳು. ಸಂಜೆ ಅವ್ವನ ಕೈಯಿಂದ ಆಕೆ ಮಾತ್ರೆ ನುಂಗಿದಳು.

ಆಕೆಯ ತಮ್ಮ ಬಂದದ್ದು ಬಹಳ ದಿನ ಕಳೆದ ಮೇಲೆ. ಗೇಟಿನಲ್ಲಿ ನಿಂತು ಅವನು ಕೂಗಿದ. ಒಳಗಿನಿಂದ ಆಕೆ ಉತ್ತರ ಕೊಟ್ಟಳು. ಮಾತಿಗೆ ಮಾತು ಸಿಕ್ಕಿದ್ದರಿಂದಲೋ ಏನೋ, ಆ ದಿನ ಆಕೆ ನಿಜವಾಗಿ ಅತ್ತಳು. ಮಗನ ಪೆಟ್ಟಿಗೆಯೂ ಅವರೂ ಒಂದೇ ವಿಮಾನದಲ್ಲಿ ಹೋದರು. ಹೊರಡುವಾಗ ಆಕೆ ಅವ್ವನ ಹಣೆಗೆ ತನ್ನ ಹಣೆ ತಾಗಿಸಿದಳು.

ಮರುವರ್ಷ ಚಳಿಗಾಲದಲ್ಲಿ ಅವ್ವ ಹೋದಳು. ಮನೆಯಲ್ಲಿ ಕನ್ನಡ ಆಡುವುದು ನಿಂತಿತು. ಮಾಳಿಗೆಯ ಬಾಡಿಗೆಯವರ ಜೊತೆ ಫ್ರೆಂಚ್, ಕೆಲಸದವಳ ಜೊತೆ ತೆಲುಗು, ಅಂಗಡಿಯಲ್ಲಿ ಹಿಂದಿ. ಆ ಸುಮಾರಿಗೆ ಒಂದು ದಿನ ಆ ತಾಯಿಯ ತಮ್ಮ ಫೋನ್ ಮಾಡಿದ. ಅಕ್ಕ ಚೆನ್ನಾಗಿದ್ದಾಳೆ, ಹೊಲಕ್ಕೂ ಹೋಗುತ್ತಾಳೆ, ನಿಮ್ಮ ತಾಯಿಯ ಜೊತೆ ಮಾತಾಡಬೇಕಂತೆ ಎಂದ.

ನಾನು ಇದ್ದದ್ದನ್ನು ಹೇಳಿದೆ. ಅವನು ಅದನ್ನು ಆಕೆಗೆ ಹೇಳುವುದು ಕೇಳಿಸಿತು. ಒಂದು ಮಾತಲ್ಲ, ಅನೇಕ ಮಾತು, ನಿಧಾನವಾಗಿ, ಸುತ್ತಿ ಬಳಸಿ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ. ಆಮೇಲೆ ಆಕೆ ಫೋನ್ ತೆಗೆದುಕೊಂಡು ನೇರ ನನ್ನೊಡನೆಯೇ ಮಾತಾಡಿದಳು. ತಮ್ಮ ಅನುವಾದ ಮಾಡಲಿಲ್ಲ, ನಾನೂ ಕೇಳಲಿಲ್ಲ. "ಹೌದ್ರಿ, ಹೌದವ್ವಾ," ಎನ್ನುತ್ತ ಆಕೆ ಮುಗಿಸುವ ತನಕ ಫೋನ್ ಕಿವಿಗೆ ಹಿಡಿದುಕೊಂಡು ನಿಂತಿದ್ದೆ.