ಭಂಡಾರ ಹಚ್ಚಿದ ಬ್ರೇಕು

ವಳಸಂಗದ ಬೀರವ್ವನಿಗೆ ಸಿಟ್ಟು ಬಂದರೆ ಊಟ ಸೇರುವುದಿಲ್ಲ. ಆ ವಾರ ಅವಳು ಹೊಟ್ಟೆ ತುಂಬ ಉಂಡಿದ್ದೇ ಇಲ್ಲ.

ಕುರಿ, ಉಣ್ಣೆ ಸಾಗಿಸಲೆಂದು ಗಂಡ ಕೊಂಡಿದ್ದ ಹಳೆಯ ಕಾಲದ ಜೀಪೇ ಅದಕ್ಕೆ ಕಾರಣ. ಗಂಡ ತೀರಿಕೊಂಡ ಮೇಲೆ ಕುರಿಗಳು ಬಾವ ಮಲ್ಲಯ್ಯನ ಹಟ್ಟಿ ಸೇರಿದವು, ಯಾರಿಗೂ ಬೇಡವಾದ ಜೀಪು ಇವಳ ಪಾಲಿಗೆ ಬಂತು. ಬೀರವ್ವ ಅಳುತ್ತ ಕೂರಲಿಲ್ಲ. ಓಡಿಸುವುದನ್ನು ಕಲಿತಳು, ಬಿಚ್ಚಿ ಜೋಡಿಸುವುದನ್ನೂ ಕಲಿತಳು. ದಿನಾ ಊರ ಹೆಂಗಸರನ್ನು ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಬಿಟ್ಟು ಕರೆತರುತ್ತಾಳೆ. ಅವಳ ಅನ್ನ ಅದೇ.

ವಾರದ ಮೊದಲಲ್ಲೇ ಗಾಲಿ ಪಂಕ್ಚರ್ ಆದಾಗ ಮಲ್ಲಯ್ಯನ ಮಗ ಯುವರಾಜ, "ಸರೀರಿ ಕಾಕು, ಇದು ಹೆಣ್ಮಕ್ಕಳ ಕೆಲಸಲ್ಲ" ಎಂದು ನಟ್ಟು ಬಿಚ್ಚುವ ಪಾನಾ ಕಸಿದುಕೊಂಡ. ಆ ಜೀಪಿನ ಎಡಗಡೆಯ ನಟ್ಟುಗಳು ಉಲ್ಟಾ ತಿರುಗುತ್ತವೆ. ಬೀರವ್ವ ಕೂಗಿ ಹೇಳಿದಳು. ಕೇಳಿದರೆ ತಾನೆ! ಪುಣ್ಯಾತ್ಮ ಪಾನಾದ ಮೇಲೆ ಹತ್ತಿ ನಿಂತು ಕುಣಿದ. ಗಾಲಿಯನ್ನು ಹಿಡಿದಿಡುವ ಸ್ಟಡ್ ಎರಡು ಟಕ್ಕೆಂದು ಮುರಿದವು. ಊರಲ್ಲಿ ಸುದ್ದಿಯಾದದ್ದು ಮಾತ್ರ ಬೀರವ್ವ ಗಾಡಿ ಕೆಡಿಸಿದಳು ಎಂದು.

ಸ್ಟಡ್ ಹಾಕಲು ಡ್ರಮ್ ಬಿಚ್ಚಿದರೆ ಒಳಗೆ ಬ್ರೇಕ್ ಶೂಗಳ ಲೈನಿಂಗು ಪೂರ್ತಿ ಸವೆದಿತ್ತು. ಬೀರವ್ವ ಸೊಲ್ಲಾಪುರದ ಅಂಗಡಿಗಳನ್ನೆಲ್ಲ ಅಲೆದು ಹೊಸ ಶೂ, ಹೊಸ ಸ್ಟಡ್ ತಂದು ಕೂಡು ಮನೆಯ ಪಡಸಾಲೆಯಲ್ಲಿಟ್ಟು ಮಲಗಿದಳು. ಬೆಳಿಗ್ಗೆ ನೋಡಿದರೆ ಅವು ಅಲ್ಲಿಲ್ಲ. ದೇವರ ಕೋಣೆಯಲ್ಲಿ ಮನೆದೇವರು ಬೀರೋಬನ ಮುಂದೆ ಸಾಲಾಗಿ ಕೂತಿದ್ದವು, ಎಣ್ಣೆ ಸುರಿಸಿಕೊಂಡು, ಅರಿಷಿಣದ ಭಂಡಾರ ಮೆತ್ತಿಸಿಕೊಂಡು.

ಕತ್ತರಿಯಿರಲಿ, ಕುಡಗೋಲಿರಲಿ, ಹೊಸ ಕಬ್ಬಿಣ ಬಂದರೆ ಹೀಗೆ ಪೂಜೆ ಮಾಡುವುದು ಆ ಮನೆಯ ಪದ್ಧತಿ. ಪೂಜೆ ಮಾಡುವವನು ಮಲ್ಲಯ್ಯ. ಅವನು ಕೇಳುವವನೇ, ಯಾರ ವಸ್ತು ಏತಕ್ಕೆ ಬಂದಿದೆ ಎಂದು?

"ಬಾವಾರ, ಏನ್ ಮಾಡೀರಿ ಇದು!" ಬೀರವ್ವನ ದನಿ ಓಣಿಗೆಲ್ಲ ಕೇಳಿತು. "ಕತ್ತರಿಗಿ ಎಣ್ಣಿ ಹಚ್ರಿ, ಬ್ಯಾಡ ಅಂದೀನೇನು? ಎಣ್ಣಿ ಕುಡದ ಬ್ರೇಕ್ ಹಿಡೀತದೇನ್ರಿ?"

"ಒರಸಿ ಹಾಕು."

"ರಾತ್ರಿಯೆಲ್ಲಾ ಕುಡದದ. ಒರಸಿದ್ರ ಹೋಗಂಗಿಲ್ಲ. ನಾ ಬ್ಯಾರೆ ತರ್ತೀನಿ."

"ದೇವ್ರ ಭಂಡಾರ ಹತ್ತಿದ್ದು ಒಗದು ಬ್ಯಾರೆ ಹಾಕ್ತಿಯೇನು? ಇವನ್ನ ಹಾಕಬೇಕು. ಬೀರೋಬಾ ಕಾಯ್ತಾನ," ಎಂದ ಮಲ್ಲಯ್ಯ.

ಬೀರವ್ವನಿಗೆ ಮೈಯೆಲ್ಲ ಉರಿಯಿತು. ದೇವರ ಮೇಲೆ ಅವಳಿಗೂ ಭಕ್ತಿಯಿದೆ. ಆದರೆ ತುಂಬಿದ ಗಾಡಿಯನ್ನು ಸೇತುವೆಯ ಇಳಿಜಾರಿನಲ್ಲಿ ಇಳಿಸುವವಳು ಅವಳು, ಮಲ್ಲಯ್ಯನಲ್ಲ. ಬಾಗಿಲಲ್ಲಿ ಮಲ್ಲಯ್ಯನ ಮೊಮ್ಮಗಳು ಪ್ರಾಜಕ್ತಾ ಕಾಲೇಜಿನ ಚೀಲ ಹಾಕಿಕೊಂಡು ಅಪ್ಪನ ಬೈಕಿಗೆ ಕಾಯುತ್ತಿದ್ದಳು.

"ಆತು, ಇವನ್ನ ಹಾಕ್ತೀನಿ," ಎಂದಳು ಬೀರವ್ವ. "ನಾಳಿಂದ ಪ್ರಾಜಕ್ತಾನೂ ನನ್ನ ಗಾಡ್ಯಾಗ ಬರ್ಲಿ. ಮುಂದಿನ ಸೀಟು ಆಕಿಗಿ. ಹೂಂ ಅನ್ರಿ ಬಾವಾರ."

ಮಲ್ಲಯ್ಯ ಮೊಮ್ಮಗಳ ಕಡೆ ನೋಡಿದ, ದೇವರ ಕಡೆ ನೋಡಿದ. ಆಮೇಲೆ ಬಗ್ಗಿ ಎಣ್ಣೆ ಸೋರುವ ಶೂಗಳನ್ನು ಎತ್ತಿ ದೇವರ ಗೂಡಿನಲ್ಲಿಟ್ಟ.

"ಯುವರಾಜ," ಎಂದು ಕೂಗಿದ, "ಕಾಕುನ್ನ ಸೊಲ್ಲಾಪುರಕ ಕರ್ಕೊಂಡು ಹೋಗು. ಬ್ಯಾರೆ ಬ್ರೇಕ್ ತರ್ರಿ."

ಗೆದ್ದರೂ ಬೀರವ್ವನ ಸಿಟ್ಟು ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ಹೊಸ ಸ್ಟಡ್‌ಗಳನ್ನು ಸೆರಗಿನಿಂದ ಒರೆಸಿ ಎತ್ತಿಕೊಂಡು ಹೊಸ್ತಿಲು ದಾಟುವಾಗ ತಿರುಗಿ ನಿಂತಳು.

"ನನ್ನ ಗಾಡ್ಯಾಗ ಬರೋ ಹೆಣ್ಮಕ್ಕಳಿಗೂ ಮನ್ಯಾಗ ಅಜ್ಜ ಅದಾರ್ರಿ ಬಾವಾರ."