ಅಪ್ಪ ಕೀಲಿ ಮುಟ್ಟದ ಬೆಳಿಗ್ಗೆ

ಹೊಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿರುವ ಹಳೆಯ ಕಾರು ತಾತನದು. ಕಾರ್ಖಾನೆಯ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ ಎಂಜಿನಿಯರೊಬ್ಬರಿಂದ ಕೊಂಡದ್ದು. ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲೆಂದು ಗಾಳಿ ಕಡಿಮೆ ಮಾಡುವ ಚೋಕಿಗೆ ಅದರಲ್ಲಿ ಎಳೆಯುವ ಗುಂಡಿ ಇಲ್ಲ. ಕಾರ್ಬ್ಯುರೇಟರಿನ ಪಕ್ಕದ ದುಂಡು ಡಬ್ಬಿಯೊಳಗೆ ಲೋಹದ ಸುರುಳಿಯೊಂದಿದೆ. ಎಂಜಿನ್ ತಣ್ಣಗಿದ್ದಾಗ ಅದು ಗಾಳಿ ಬರುವ ದಾರಿಯ ತಟ್ಟೆಯನ್ನು ಮುಚ್ಚುತ್ತದೆ. ಬಿಸಿಯಾದಂತೆ ತಾನಾಗಿಯೇ ತೆರೆಯುತ್ತದೆ. ಕಳೆದ ವರ್ಷ ಅದು ಹದ ತಪ್ಪಿತು. ಪಕ್ಕದ ಊರಾದ ಸೂಳಗಿರಿ ಮುಟ್ಟುವಷ್ಟರಲ್ಲಿ ಕಪ್ಪು ಹೊಗೆ, ಆಮೇಲೆ ಕಾರು ನಿಂತೇ ಹೋಗುತ್ತಿತ್ತು.

ಮೆಕ್ಯಾನಿಕ್ ಮೂರು ಸಲ ಬಂದು ಡಬ್ಬಿಯ ಮುಚ್ಚಳ ತಿರುಗಿಸಿ ಹೋದರು. ಮೂರನೆಯ ಸಲ ಕೈ ಒರೆಸಿಕೊಳ್ಳುತ್ತ, "ಇದು ಆಗಾಕಿಲ್ಲ ಸಾರ್. ಕಿತ್ತಾಕ್ಬುಟ್ಟು ವಯರ್ ಚೋಕ್ ಹಾಕ್ಬುಡ್ತೀನಿ. ಭಾನ್ವಾರ ಬತ್ತೀನಿ," ಅಂದರು. ಅಪ್ಪ ಒಪ್ಪಿದರು. ತಾತ ಒಂದು ಸ್ಕ್ರೂವನ್ನೂ ಬದಲಿಸದೆ ಇಟ್ಟುಕೊಂಡಿದ್ದ ಕಾರಿನ ಡ್ಯಾಶ್‌ಬೋರ್ಡಿಗೆ ಗುಂಡಿಗಾಗಿ ತೂತು ಕೊರೆಯುತ್ತಾರೆ ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ.

ನಾನು ಓದಿದ್ದು ಭೌತಶಾಸ್ತ್ರ. ಕಾರಿನ ಹಳೆಯ ಕೈಪಿಡಿ ತೆಗೆದು ಕೂತೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಚೋಕ್ ಮುಟ್ಟಬೇಕು ಎಂದಿತ್ತು. ಥಟ್ಟನೆ ಹೊಳೆಯಿತು. ಮೆಕ್ಯಾನಿಕ್ ಬರುವ ಮೊದಲು ಅಪ್ಪ ಪ್ರತಿ ಸಲವೂ ಕಾರನ್ನು ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದರು. ಮನೆಗೆ ಬಂದವರನ್ನು ಕಾಯಿಸಬಾರದು ಎಂಬ ಮರ್ಯಾದೆ. ಆ ಬಿಸಿಗೆ ಸಡಿಲಗೊಂಡ ಸುರುಳಿಯನ್ನು ಮೆಕ್ಯಾನಿಕ್ ಪಾಪ ತಿಳಿಯದೆ ಇನ್ನಷ್ಟು ಬಿಗಿ ಮಾಡಿ ಹೋಗುತ್ತಿದ್ದರು. ಆಮೇಲೆ ಎಷ್ಟು ಬಿಸಿಯಾದರೂ ತಟ್ಟೆ ಪೂರ್ತಿ ತೆರೆಯುತ್ತಿರಲಿಲ್ಲ.

"ಅಪ್ಪಾ, ಭಾನುವಾರದವರೆಗೂ ಕೀಲಿ ನನ್ ಹತ್ರ ಇರ್ಲಿ."

"ಬ್ಯಾಟ್ರಿ ಕೂತ್ಕೊಂಡ್ಬಿಡುತ್ತಮ್ಮಾ."

"ಕೂರಲ್ಲ."

ಒಮ್ಮೆ ಸ್ಟಾರ್ಟ್ ಮಾಡಿದರೆ ಎಂಜಿನ್ ಪೂರ್ತಿ ತಣಿಯಲು ರಾತ್ರಿಯಿಡೀ ಬೇಕು, ಹಾಗಾಗಿ ದಿನಕ್ಕೊಂದೇ ಅವಕಾಶ. ಶುಕ್ರವಾರ ಬೆಳಿಗ್ಗೆ ಮುಚ್ಚಳದ ಮೂರು ಸ್ಕ್ರೂ ಸಡಿಲಿಸಿ, ಆಕ್ಸಿಲರೇಟರನ್ನು ಸ್ವಲ್ಪ ತೆರೆದು ಹಿಡಿದು, ತಟ್ಟೆ ಮುಚ್ಚೀ ಮುಚ್ಚದಂತಾಗುವವರೆಗೆ ತಿರುಗಿಸಿದೆ. ಕೀಲಿ ತಿರುಗಿಸಿದಾಗ ಕಾರು ಎರಡು ಸಲ ಕೆಮ್ಮಿ ಆರಿತು. ಕೈ ತುರಿಸಿದರೂ ಮತ್ತೆ ಮುಟ್ಟಲಿಲ್ಲ. ಶನಿವಾರ ಮುಚ್ಚಳವನ್ನು ಅದರ ಅಂಚಿನ ಅಳತೆ ಗೆರೆಗಳಲ್ಲಿ ಒಂದೇ ಒಂದು ಗೆರೆಯಷ್ಟು ಮುಂದಕ್ಕೆ ತಿರುಗಿಸಿದೆ. ಹೊತ್ತಿಕೊಂಡಿತು. ತಟ್ಟೆ ನಿಧಾನವಾಗಿ ಎದ್ದು ನೆಟ್ಟಗೆ ನಿಲ್ಲುವವರೆಗೂ ನೋಡುತ್ತ ನಿಂತೆ. ಹೊಗೆ ಇರಲಿಲ್ಲ. ಆ ಜಾಗಕ್ಕೆ ಉಗುರು ಬಣ್ಣದಲ್ಲಿ ಒಂದು ಚುಕ್ಕೆ ಇಟ್ಟೆ. ಯಾರಿಗೂ ಹೇಳಲಿಲ್ಲ.

ಭಾನುವಾರ ಮೆಕ್ಯಾನಿಕ್ ವಯರಿನ ಸುರುಳಿ ಹಿಡಿದು ಬಂದರು. ನಾನು ಕೀಲಿ ಕೊಟ್ಟು, "ಮೊದ್ಲು ಎಂಜಿನ್ ಮೇಲೆ ಕೈಯಿಟ್ಟು ನೋಡಿ," ಅಂದೆ.

"ಐಸಿದ್ದಂಗೈತೆ," ಎಂದು ಕೀಲಿ ತಿರುಗಿಸಿದರು. ಮೊದಲ ತಿರುವಿಗೇ ಹೊತ್ತಿಕೊಂಡಿತು. ಅಪ್ಪನನ್ನು ಕೂರಿಸಿಕೊಂಡು ಸೂಳಗಿರಿಯವರೆಗೂ ಓಡಿಸಿ ಬಂದರು. ಇಳಿದವರೇ ಬಾನೆಟ್ ಎತ್ತಿ ಕೆಂಪು ಚುಕ್ಕೆ ನೋಡಿದರು.

"ಯಾರ್ ಸಾರ್ ಇದ್ ಕೂರ್ಸಿದ್ದು?"

"ನಮ್ಮ ಹುಡುಗಿ."

ಬೆಳಿಗ್ಗೆ ಎಂಜಿನ್ ತಣ್ಣಗಿದ್ದದ್ದು ನೆನಪಾಗಿ ಅವರು ಅಪ್ಪನ ಕಡೆ ತಿರುಗಿದರು. "ನಾನ್ ಬರಾಕ್ ಮುಂಚೆ ಪ್ರತಿ ಸಲಾನೂ ಸ್ಟಾರ್ಟ್ ಮಾಡಿಕ್ತಿದ್ರಾ?"

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ..."

"ಬಂದೋರ್ಗೆ ಕಾಪಿ ಬಿಸಿ ಮಾಡಿ ಸಾರ್! ಎಂಜಿನ್ ಯಾಕ್ ಬಿಸಿ ಮಾಡ್ತೀರಾ?"

ಅಪ್ಪ ನಾಚಿಕೊಂಡು ನಕ್ಕರು. ಮೆಕ್ಯಾನಿಕ್ ವಯರನ್ನು ಮತ್ತೆ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ಆ ಚುಕ್ಕೆ ಅಳಿಸ್ಬೇಡ ಅಮ್ಮಣ್ಣಿ," ಅಂದರು. ನಾನು ತಲೆಯಾಡಿಸಿ ಕಾಫಿ ತರಲು ಒಳಗೆ ಹೋದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಾಲು ಉಕ್ಕುವವರೆಗೂ ಒಬ್ಬಳೇ ನಗುತ್ತಿದ್ದೆ.