ಮುಚ್ಚಳದಡಿಯ ಹಾಲಿನ ಕವರು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಪುಟ್ಟ ಜೆಟ್ಟನ್ನು ಮೇಲೆತ್ತಿ ಹಿಡಿದು, ಅದರ ತೂತಿನಲ್ಲಿ ಕಾಣುವ ಸೂಜಿಮೊನೆಯಷ್ಟು ಆಕಾಶವನ್ನು ಬಹಳ ಹೊತ್ತು ನೋಡುತ್ತಾ, "ಅವಸರ ಮಾಡ್ಬೇಡಿ ಮಾರಾಯ್ರೇ, ಅದೇ ಹೇಳುತ್ತೆ" ಎನ್ನುತ್ತಿದ್ದರು.

ನನ್ನ ಹಳೆಯ ಮೊಪೆಡ್ ಸ್ವಲ್ಪ ದೂರ ಓಡಿ ನಿಂತುಬಿಡುತ್ತಿತ್ತು, ಮಾರುವ ಯೋಚನೆಯಲ್ಲಿದ್ದೆ. ಜೆಟ್ಟಿನಲ್ಲಿ ಕಸವಿರಲಿಲ್ಲ. ಅವರು ಟ್ಯಾಂಕಿನ ಮುಚ್ಚಳ ಸಡಿಲಿಸಿ ಕಿವಿಯಿಟ್ಟರು. ಸುಯ್ಯೆಂದು ಗಾಳಿ ಒಳನುಗ್ಗಿತು. ಮುಚ್ಚಳದಡಿ, ಅದರ ಗಾಳಿತೂತಿಗೆ ಅಡ್ಡಲಾಗಿ, ಹಾಲಿನ ಕವರಿನ ತುಂಡಿತ್ತು.

"ಮಳೆನೀರು ಇಳೀಬಾರ್ದು ಅಂತ ಅಮ್ಮ ಇಟ್ಟಿರ್ಬೇಕು" ಎಂದು ಸಿಡುಕಿದೆ.

"ಟ್ಯಾಂಕಿಗೆ ಉಸಿರು ಕಟ್ಟಿದೆ. ಅದಕ್ಕೇ ಪೆಟ್ರೋಲ್ ಇಳೀತಿಲ್ಲ" ಎಂದರು. ಕವರನ್ನು ಮಾತ್ರ ಎಸೆಯಲಿಲ್ಲ. ಸೂಜಿಯಿಂದ ಒಂದು ತೂತು ಮಾಡಿ ಮತ್ತೆ ಅಲ್ಲೇ ಕೂರಿಸಿದರು. "ಅಮ್ಮಂಗೆ ಹೇಳ್ಬೇಡಿ."

ಶಿವಮೊಗ್ಗದವರೆಗೂ ಗಾಡಿ ನಿಲ್ಲಲಿಲ್ಲ. ಮೋಡ ಕವಿದಾಗ ಅಮ್ಮ ಈಗಲೂ ಆ ಮುಚ್ಚಳವನ್ನು ಒಮ್ಮೆ ಒತ್ತಿ ನೋಡಿ, ನಿಶ್ಚಿಂತೆಯಿಂದ ಒಳಗೆ ಹೋಗುತ್ತಾಳೆ.